ಹಿತ್ತಾಳೆಯ ಜಾಲರಿ, ಹನ್ನೊಂದು ಮೀನು

ನಾನು ಚಿಂತೆಯ ಮನುಷ್ಯ. ಚಿಂತಿಸಲು ಏನೂ ಇಲ್ಲದ ದಿನ, ಏನೋ ಮರೆತಿರಬೇಕೆಂದು ಚಿಂತಿಸುತ್ತೇನೆ. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಬೀದರಿನಲ್ಲಿ ಹೆದರುವುದಕ್ಕೆ ನಿಜವಾದ ಕಾರಣವಿದ್ದವರು ಬಹಳ ಮಂದಿ ಇದ್ದರು. ಅವರ ನಡುವೆ ನಾನು ಮೀನುಗಳಿಗಾಗಿ ಹೆದರುತ್ತಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ನಾನು ಗುಮಾಸ್ತನಾಗಿರುವ ಕಚೇರಿ ಯಾವ ಇಲಾಖೆಯದೆಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ದೂರವಿದೆ. ಅದರ ಅಂಗಳದಲ್ಲೊಂದು ಕಲ್ಲಿನ ಹೌದು, ಅಂದರೆ ನೀರಿನ ತೊಟ್ಟಿ. ಹಿಂದಿನ ಸಾಹೇಬರು ಹೈದರಾಬಾದಿನಿಂದ ತರಿಸಿದ ಹನ್ನೊಂದು ಕೆಂಪು ಮೀನು ಅದರಲ್ಲಿದ್ದವು. ನೆಲದಡಿಯ ಹಳೆಯ ಸುರಂಗ ಕಾಲುವೆಯ ನೀರು ಒಂದು ಕಡೆಯಿಂದ ಸದಾ ಬಂದು ಬೀಳುತ್ತಿತ್ತು. ಹೆಚ್ಚಾದದ್ದು ಎದುರು ಗೋಡೆಯ ತೂತಿನಿಂದ ಮೋರಿಗೆ ಹೋಗುತ್ತಿತ್ತು. ನೀರು ನಿತ್ಯ ಹೊಸದು, ಮೀನು ಮಾತ್ರ ಹಳೆಯವು. ನಮ್ಮಲ್ಲಿ ಸಾಹೇಬರು ಬದಲಾಗುತ್ತ ಗುಮಾಸ್ತರು ಹಾಗೇ ಉಳಿಯುವ ರೀತಿ. ಮೀನು ಹೊರಬೀಳದಂತೆ ತೂತಿಗೊಂದು ಹಿತ್ತಾಳೆಯ ಜಾಲರಿ ಇತ್ತು. ಜಾಲರಿಯ ನಡುವೆ ನಿಜಾಮ ಸರ್ಕಾರದ ಮುದ್ರೆ.

ಸೋಮವಾರ ಹೊಸ ಸಾಹೇಬರು ಬಂದು ಚಾರ್ಜು ತೆಗೆದುಕೊಳ್ಳುವವರಿದ್ದರು. ಅವರಿಗೆ ಒಪ್ಪಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಕುರ್ಚಿ, ಮೇಜು, ಗಡಿಯಾರಗಳ ಸಾಲಿನಲ್ಲೇ ‘ಮೀನು, ಹನ್ನೊಂದು’ ಎಂದು ಉರ್ದುವಿನಲ್ಲಿ ಬರೆದು ರುಜು ಹಾಕಿದವನು ನಾನೇ. ಒಂದು ಕಡಿಮೆಯಾದರೂ ನನ್ನ ನೌಕರಿಗೆ ಕುತ್ತು. ಸಾಲದ್ದಕ್ಕೆ ಆ ಮುದ್ರೆ! ಹಳೆಯ ಮುದ್ರೆಗಳನ್ನು ತೆಗೆಯಬೇಕೆಂದು ಆದೇಶವೇನೂ ಬಂದಿರಲಿಲ್ಲ. ಬಂದರೆ ಎಲ್ಲರಿಗಿಂತ ಮೊದಲು ಪಾಲಿಸಿದವನು ನಾನಾಗಿರಬೇಕೆಂದು, ಬರುವ ಮೊದಲೇ ಪಾಲಿಸಿಬಿಟ್ಟೆ. ಜಾಲರಿಯನ್ನು ಕಿತ್ತು, ಟಾವೆಲ್ಲಿನಲ್ಲಿ ಸುತ್ತಿ, ಮೈಲೂರಿನ ಮನೆಗೆ ಒಯ್ದೆ.

ಮರುದಿನ ಬೆಳಿಗ್ಗೆ ಮೂರು ಮೀನು ಮೋರಿಯಲ್ಲಿ ಒದ್ದಾಡುತ್ತಿದ್ದವು. ಆ ಹೌದನ್ನು ನೋಡಿಕೊಳ್ಳುವ ಮುದುಕ ದಸ್ತಗೀರ ಚಾಚಾ ಅವನ್ನು ತನ್ನ ತಂಬಿಗೆಯಲ್ಲಿ ಹಿಡಿದು ಹಿಂದಕ್ಕೆ ಬಿಟ್ಟ.

“ಜಾಲರಿ ಎಲ್ಲಿ ಹೋಯ್ತರಿ ಸಾಹೇಬ್ರ?”

“ಅದರ ಮ್ಯಾಲ ಮುದ್ರಿ ಇತ್ತಲ್ಲ, ಚಾಚಾ.”

“ಮೀನಿಗಿ ಓದ್ಲಾಕ ಬರಲ್ಲರಿ.”

ನಾನು ಹಳೆಯ ಧೋತರದ ತುಂಡನ್ನು ತೂತಿಗೆ ಬಿಗಿದೆ. ಮೀನು ನಿಂತವು, ನೀರೂ ನಿಂತಿತು. ಬೇವಿನ ಎಲೆಗಳೆಲ್ಲ ಬಟ್ಟೆಗೆ ಮೆತ್ತಿಕೊಂಡು, ಮಧ್ಯಾಹ್ನದ ಹೊತ್ತಿಗೆ ಹೌದು ಉಕ್ಕಿ ದಫ್ತರದ ಕೋಣೆಯ ಹೊಸ್ತಿಲಿಗೆ ಬಂತು. ಒಳಗೆ ತಾಲ್ಲೂಕುಗಟ್ಟಲೆ ಕಾಗದ. ಔರಾದ, ಭಾಲ್ಕಿ ಎರಡೂ ನೆಲದ ಮೇಲೆಯೇ. ನಾನು ಕಸಬರಿಗೆ ಹಿಡಿದು ನೀರನ್ನು ಹಿಂದಕ್ಕೆ ನೂಕತೊಡಗಿದೆ. ಬೆವರುವ ಗುಮಾಸ್ತನನ್ನು ಆ ಕಚೇರಿ ಕಂಡದ್ದು ಅಂದೇ ಮೊದಲು.

ಚಾಚಾ ಬಟ್ಟೆ ಕಿತ್ತೆಸೆದು ಒಂದು ಮಣ್ಣಿನ ಗಡಿಗೆ ತಂದ. ಮೈತುಂಬ ಮೊಳೆಯಿಂದ ಸಣ್ಣ ತೂತು ಕೊರೆದು, ಅದರ ಬಾಯನ್ನು ಒಳಗಿನಿಂದ ಗೋಡೆಯ ತೂತಿಗೆ ಒತ್ತಿ ಗಾರೆ ಮೆತ್ತಿದ.

“ಬಾಯಿ ಒಂದೇ ಇದ್ರ ನೀರು ಜೋರಿಲೆ ಎಳೀತದರಿ. ನೂರು ತೂತಿದ್ರ ಸಾವಕಾಶ ಎಳೀತದ. ಎಲಿ ಮೆತ್ತಲ್ಲ, ಮೀನು ಹೋಗಲ್ಲ. ನೀವು ಸುಮ್ಕ ಕುರ್ಚಿ ಮ್ಯಾಲ ಕೂಡ್ರಿ, ಅಷ್ಟೇ ಮದತ್ ಮಾಡ್ರಿ.”

ಸೋಮವಾರ ಹೊಸ ಸಾಹೇಬರು ಬಂದರು. ಮೀನು ಎಣಿಸಿದರು, ಹನ್ನೊಂದು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಬೆರಳು ಪಟ್ಟಿಯ ಮುಂದಿನ ಸಾಲಿಗೆ ಇಳಿಯಿತು. “ಜಾಲರಿ, ಹಿತ್ತಾಳೆ, ಒಂದು. ಎಲ್ಲಿ ಅದ?” ಆ ಸಾಲನ್ನೂ ನಾನೇ ಬರೆದು ಮರೆತಿದ್ದೆ.

“ಹಳೇ ಸರಕಾರದ ಮುದ್ರಿ ಇತ್ತಂತ ತೆಗೆದಿಟ್ಟೀನ್ರಿ.”

ಸಾಹೇಬರು ಒಳಗೆ ಹೋಗಿ ಮೇಜಿನ ಮೇಲಿನ ಮೊಹರು ಎತ್ತಿ ತೋರಿಸಿದರು. ಅದೇ ಮುದ್ರೆ! “ಹೊಸಾದು ಬರೂತನಕ ನಾನೂ ಇದನ್ನೇ ಒತ್ತಬೇಕು. ನೀವ್ಯಾಕ ಸರಕಾರಕಿಂತ ಮುಂದ ಓಡ್ತೀರಿ? ಸಂಜಿ ಒಳಗ ತಂದು ಹಚ್ಚರಿ.”

ಮನೆಗೆ ಓಡಿದೆ. ಹೆಂಡತಿ ಅದನ್ನು ಆಗಲೇ ಬಚ್ಚಲ ಮೋರಿಗೆ ಕೂಡಿಸಿಬಿಟ್ಟಿದ್ದಳು. “ನಿಮ್ಮ ನೌಕರಿಲಿಂದ ಮನಿಗಿ ಬಂದ ಚಲೋ ಸಾಮಾನ ಇದೊಂದೇ. ಇದನ್ನೂ ಒಯ್ತೀರಿ?” ಎಂದಳು. ಒಯ್ದೆ.

ಗಡಿಗೆಯನ್ನು ಹಾಗೇ ಬಿಟ್ಟು, ಜಾಲರಿಯನ್ನು ಗೋಡೆಯ ಹೊರಮಗ್ಗುಲಿಗೆ ಹಚ್ಚಿದೆ, ಮುದ್ರೆಯ ಮುಖ ಒಳಗೆ ಮಾಡಿ. ಬೇಕಾದಾಗ ಬೇಗ ಕೀಳಲು ಬರಲೆಂದು, ನಾಲ್ಕು ಮೊಳೆ ಹೊಡೆಯುವ ಕಡೆ ಒಂದನ್ನೇ ಹೊಡೆದೆ. ಚಾಚಾ ನೋಡಿಯೂ ನೋಡದವನಂತೆ ಮೀನಿಗೆ ಹಿಟ್ಟು ಹಾಕುತ್ತಿದ್ದ. ಈಗ ಆ ಸಾಹೇಬರಿಗೆ ವರ್ಗವಾಗುವ ಸುದ್ದಿ ಹಬ್ಬಿದೆ. ಸುತ್ತಿಗೆಯನ್ನು ನನ್ನ ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದೇನೆ.