ಟಿವ್ಯಾಗ ಕದ್ದಾಕಿ

ಮನ್ಯಾಗ ಏನರ ಕಳದ್ರ ನೀವು ಎಲ್ಲಿ ಹುಡುಕ್ತೀರಿ? ಕಪಾಟದಾಗ, ಹಾಸಿಗಿ ಬುಡಕ, ಒಗ್ಯಾಕ ಹಾಕಿದ ಅಂಗಿ ಕಿಸೇದಾಗ. ನಮ್ಮ ಕಡೆ ಹಂಗಿಲ್ರಿ. ನಮ್ಮ ಕಡೆ ಮಂದಿ ಮೊದಲ ನನ್ನ ಮಾರಿ ನೋಡ್ತಾರ. ಹುಡುಕೋದು ಆಮ್ಯಾಲ. ಸಣ್ಣಾಕಿ ಇದ್ದಾಗಿಂದ ಹಿಂಗ ನಡದದ, ಇನ್ನೂ ನಿಂತಿಲ್ಲ.

ನಾ ಆಳಂದದಾಕಿ. ಅಪ್ಪಂದು ಅಲ್ಲಿ ಬಟ್ಟಿ ಹೊಲಿಯೋ ಅಂಗಡಿ. ನಾ ನಾಕನೇ ಕ್ಲಾಸಿನ್ಯಾಗ ಇದ್ದಾಗ ಟಿವಿಯವ್ರು ಒಂದು ಧಾರಾವಾಹಿ ತಗ್ಯಾಕ ಬಂದ್ರು. ಅಫಜಲಪುರ ತಾಲೂಕಿನ ಮಣ್ಣೂರದಾಗ, ಭೀಮಾ ಹೊಳಿ ದಂಡಿಗೆ, ಒಂದು ಹಳೀ ವಾಡೆ, ಕ್ವಾಟಿಯಂಥಾ ದೊಡ್ಡ ಮನಿ, ಅವರಿಗೆ ಸಿಕ್ಕಿತ್ತು. ನಮ್ಮ ಭಾಷಾ ಮಾತಾಡೋ ಚುರುಕ ಹುಡುಗಿ ಬೇಕಾಗಿತ್ತು. ಅಪ್ಪನ ಅಂಗಡಿಗೆ ಡ್ರೆಸ್ ಹೊಲಿಸಾಕ ಬಂದ ಡೈರೆಕ್ಟರ್ ನನ್ನ ನೋಡಿ ಅಲ್ಲೇ ಆರಿಸಿಬಿಟ್ರು. ಪಾತ್ರ ಏನಂದ್ರ, ಗೌಡರ ಮನ್ಯಾಗ ಕೆಲಸಕ್ಕಿದ್ದು ವಾರಕ್ಕೊಂದು ಸಾಮಾನು ಕದಿಯೋ ಹುಡುಗಿ. ಸಿಕ್ಕೊಂಡಾಗೆಲ್ಲಾ ಕಣ್ಣು ಅಗಲ ಮಾಡಿ "ನಾ ಅಲ್ರಿ, ನನಗ ಗೊತ್ತಿಲ್ರಿ" ಅನ್ನಬೇಕು. ಅದೊಂದ ಡೈಲಾಗ್. ಅದನ್ನ ಎಷ್ಟು ಚಂದ ಅಂದೆನಂದ್ರ, ಮುಂದ ನಾ ಖರೇನ "ನಾ ಅಲ್ರಿ" ಅಂದ್ರ ಒಬ್ರೂ ನಂಬದಂಗ ಆಯ್ತು.

ಮುಂದಿನ ವಾರದ ಸಾಮಾನು

ಧಾರಾವಾಹಿ ರವಿವಾರಕ್ಕೊಮ್ಮೆ ಬರ್ತಿತ್ತು. ನಮ್ಮ ಓಣ್ಯಾಗ ಟಿವಿ ಇದ್ದ ಮನಿ ಕಡಿಮಿ, ಹಿಂಗಾಗಿ ಇಡೀ ಓಣಿ ನಮ್ಮ ಪಡಸಾಲ್ಯಾಗ. ನಾ ಅಜ್ಜಿ ಬಾಜೂಕ ಕುಂದರ್ತಿದ್ದೆ. ಟಿವ್ಯಾಗ ನಾ ಗೌಡ್ತಿ ಬೆಣ್ಣಿ ಗಡಿಗ್ಯಾಗ ಕೈ ಹಾಕಿದ್ದಷ್ಟ ತಡ, ಅಜ್ಜಿ ಟಿವಿ ಮ್ಯಾಲಿನ ಕಣ್ಣು ತಗೀದ ನನ್ನ ಬೆನ್ನಿಗೊಂದು ಕೊಟ್ಳು. "ಮನ್ಯಾಗ ಬೆಣ್ಣಿ ಇಲ್ಲೇನು ನಿನಗ?" ಅಂದ್ಳು. ಟಿವ್ಯಾಗಿನಾಕಿ ಬೆಣ್ಣಿ ತಿಂದು ಬಾಯಿ ಒರಸ್ಕೊಂಡ್ಳು, ಇಲ್ಲಿ ನಾ ಅಳ್ಕೋತ ಕುಂತೆ.

ಓಣಿ ಮಂದಿ ಅಜ್ಜಿಗಿಂತ ಹುಷಾರು. ಮರುದಿನ ಎದುರ ಮನಿ ಕಾಕು ಒಂದು ಬಟ್ಟಲದಾಗ ಶೇಂಗಾ ಉಂಡಿ ತಂದು, ನನ್ನ ತಲಿ ಸವರಿ, ಭಾಳ ಅಕ್ಕರತಿಲೇ ಕೇಳಿದ್ರು: "ಮುಂದಿನ ವಾರ ಏನ್ ಕದೀತಿ ಹೇಳವ್ವಾ."

"ಯಾಕ್ರಿ ಕಾಕು?"

"ಅದನ್ನಷ್ಟ ಒಳಗಿಟ್ಟು ಕೀಲಿ ಹಾಕ್ತೇನಿ. ಎಲ್ಲಾದಕ್ಕೂ ಕೀಲಿ ಎಲ್ಲಿಂದ ತರಲಿ?"

ಡಸ್ಟರ್

ಸಾಲ್ಯಾಗ ಒಂದು ದಿನ ಹೆಡ್ ಮಾಸ್ತರ್ ಡಸ್ಟರ್ ಕಾಣೆ ಆಯ್ತು. ಸರ್ ಕ್ಲಾಸಿಗೆ ಬಂದ್ರು, ಯಾರಿಗೂ ಏನೂ ಕೇಳಲಿಲ್ಲ, ಸೀದಾ ನನ್ನ ಮುಂದ ನಿಂತ್ರು. ಪುಸ್ತಕ ಕಳದ್ರ ನಾ, ಚಾಕ್ ಪೀಸ್ ಹೋದ್ರ ನಾ, ಇದು ನನಗ ರೂಢಿ ಆಗಿತ್ತು. ಆದ್ರೂ ಆವತ್ತು ಸಿಟ್ಟು ಬಂತು. ಡಸ್ಟರ್ ತಗೊಂಡು ನಾ ಏನ್ ಮಾಡ್ಲಿ, ಮನ್ಯಾಗ ಬೋರ್ಡ್ ಅದ ಏನು?

"ನಾ ಅಲ್ರಿ ಸರ್, ನನಗ ಗೊತ್ತಿಲ್ರಿ" ಅಂದೆ.

ಇಡೀ ಕ್ಲಾಸು ಚಪ್ಪಾಳಿ ಹೊಡೀತು. ಸರ್ ಮಾರ್ಯಾಗೂ ನಗು ಬಂತು. "ಇನ್ನೊಮ್ಮೆ ಅನ್ನು" ಅಂದ್ರು. ಅಂದೆ. ಬಾಜೂ ಕ್ಲಾಸಿನ ಟೀಚರ್‌ನ್ನೂ ಕರಸಿದ್ರು, ಅವರ ಮುಂದನೂ ಅನಿಸಿದ್ರು. ಇಷ್ಟೆಲ್ಲಾ ಆದ ಮ್ಯಾಲ ಕೈಗೆ ಎರಡು ಏಟು ಹೊಡದು ಕಳಸಿದ್ರು.

ಸಂಜೀಕ ಸಾಲಿ ಬಿಡೋ ಹೊತ್ತಿಗೆ ಸರ್ ನನ್ನ ಕರದ್ರು. ಮಾರಿ ಸಣ್ಣದಾಗಿತ್ತು. "ಡಸ್ಟರ್ ನನ್ನ ಚೀಲದಾಗ ಇತ್ತವ್ವಾ" ಅಂದ್ರು. ತಪ್ಪಾಯ್ತು ಅಂತಾರಂತ ಕಾಯಾಕತ್ತಿದ್ದೆ. ಸರ್ ನನ್ನ ಹೆಗಲ ಮ್ಯಾಲ ಕೈ ಇಟ್ಟು ಹೇಳಿದ್ರು: "ಏನೇ ಅನ್ನು, ಸುಳ್ಳು ಭಾಳ ಚಂದ ಹೇಳ್ತಿ ನೋಡು ನೀ."

ಹೆಣ್ಣು ನೋಡಾಕ ಬಂದ್ರು

ಧಾರಾವಾಹಿ ಅರ್ಧಕ್ಕ ನಿಂತು ಹೋಯ್ತು. ರೊಕ್ಕ ಸಾಲಲಿಲ್ಲೋ, ಡೈರೆಕ್ಟರಿಗೆ ಬ್ಯಾರೆ ಕೆಲಸ ಸಿಕ್ತೋ, ನಮಗ್ಯಾರೂ ಹೇಳಲಿಲ್ಲ. ಕಡೀ ವಾರ ನಾ ಗೌಡ್ತಿಯ ಟೊಂಕದ ಬೆಳ್ಳಿ ಡಾಬು ಕದ್ದಿದ್ದೆ. ಅದನ್ನ ಎಲ್ಲಿ ಮುಚ್ಚಿಟ್ಟೆ ಅಂತ ತೋರಿಸೋ ಮೊದಲ ಎಲ್ಲಾ ಬಂದ್ ಆಯ್ತು.

ನಾ ದೊಡ್ಡಾಕಿ ಆದೆ, ಹೊಲಿಗಿ ಕಲತೆ, ಜೇವರ್ಗಿ ತಾಲೂಕಿನ ನೆಲೋಗಿಯಿಂದ ಬೀಗತನ ಬಂತು. ಹುಡುಗ ಪಂಪ್‌ಸೆಟ್ ರಿಪೇರಿ ಮಾಡ್ತಾನ, ಮಾತು ಕಡಿಮಿ, ನನಗ ಮನಸಿಗೆ ಬಂದಿದ್ದ. ನಾ ಸೆರಗು ಹೊದ್ದು ಚಾ ತಂದು ಇಟ್ಟೆ. ಹುಡುಗನ ಅವ್ವ ಚಾ ಮುಟ್ಟಲಿಲ್ಲ. ನನ್ನನ್ನ ಮ್ಯಾಲಿಂದ ಕೆಳಗ ನೋಡಿದ್ರು. ಅಡಿಗಿ ಬರ್ತದೇನು, ಎಷ್ಟು ಓದೀದಿ, ಒಂದೂ ಕೇಳಲಿಲ್ಲ.

"ಆ ಡಾಬು ಎಲ್ಲಿಟ್ಟಿ?" ಅಂದ್ರು.

"ನನಗ ಗೊತ್ತಿಲ್ರಿ. ಡೈರೆಕ್ಟರ್ ಹೇಳಲಿಲ್ರಿ" ಅಂದೆ.

"ನಾ ಯಾರಿಗೂ ಹೇಳಂಗಿಲ್ಲ, ಹೇಳು."

"ಖರೇನ ಗೊತ್ತಿಲ್ರಿ."

ಅಪ್ಪನ ಮಾರಿ ಬಿಳಚಿಕೊಂಡಿತ್ತು. ಸಂಬಂಧ ಹೋಯ್ತು ಅಂತ ಅವ್ವ ಒಳಗ ಕಣ್ಣು ಒರಸ್ಕೋಳಾಕತ್ತಿದ್ದಳು. ಆಗ ಹುಡುಗನ ಅವ್ವ ತಮ್ಮ ಮಂದಿ ಕಡೆ ತಿರುಗಿ ತೀರ್ಪು ಕೊಟ್ರು: "ಇಷ್ಟು ಕೇಳಿದ್ರೂ ಬಾಯಿ ಬಿಡವಲ್ಲಳು. ಇಂಥಾಕಿ ಇದ್ರ ಮನಿ ಮಾತು ಹೊರಗ ಹೋಗಂಗಿಲ್ಲ. ನಮಗ ಒಪ್ಪಿಗಿ ಅದ."

ತಂಬಿಗಿ ಮ್ಯಾಲಿನ ಹೆಸರು

ನನ್ನ ಟಿವಿ ಕಾಲದ ಸಾಮಾನು ಒಂದು ಸಣ್ಣ ತಗಡಿನ ಟ್ರಂಕ್‌ನಾಗ ಅವ. ತ್ಯಾಪಿ ಹಚ್ಚಿದ ಲಂಗ, ಎಲ್ಲಾರೂ ಕೂಡಿ ನಿಂತ ಒಂದು ಫೋಟೋ, ಬಣ್ಣದ ಕಾಗದ ಕಿತ್ತು ಹೋದ ಒಂದು ಪ್ಲಾಸ್ಟಿಕ್ ಶೀಲ್ಡು, ಒಂದು ಹಿತ್ತಾಳಿ ತಂಬಿಗಿ. ತಂಬಿಗಿ ಮಣ್ಣೂರದ ವಾಡೆದ ಅಜ್ಜಿ ಕೊಟ್ಟದ್ದು. ಶೂಟಿಂಗ್ ನಡದಾಗೆಲ್ಲಾ ನಾ ಅದರಾಗ ನೀರು ಕುಡೀತಿದ್ದೆ. ಹೊಂಟಾಗ ಅಳಾಕ ಹತ್ತಿದೆ, "ಒಯ್ಯಿ ಕೂಸೆ" ಅಂತ ಕೈಯಾಗ ಇಟ್ಳು. ಮದಿವಿ ಆದಾಗ ಆ ಟ್ರಂಕ್‌ನೂ ಸಂಗಾಟ ಒಯ್ದೆ. ಯಾಕ ಒಯ್ದೆನೋ.

ನಮ್ಮ ಕಡೆ ಭಾಂಡಿ ಕೊಟ್ಟವ್ರ ಹೆಸರು ಭಾಂಡಿ ಮ್ಯಾಲ ಕೊರಸ್ತಾರ. ಹೊಸಾ ಸೊಸಿ ಬಂದ್ಳಂದ್ರ ಓಣಿ ಹೆಣ್ಣಮಕ್ಕಳು ಕೂಡಿ ಒಂದೊಂದ ಭಾಂಡಿ ಎತ್ತಿ ಹೆಸರು ಓದ್ತಾರ. ಕೊಡ, ಸೋದರಮಾವ. ಪರಾತ, ದೊಡ್ಡಪ್ಪ. ಹಂಗ ಓದ್ಕೋತ ಬಂದು ಬಾಜೂ ಮನಿ ಅಕ್ಕ ಆ ಟ್ರಂಕ್‌ನೂ ತಗದು ತಂಬಿಗಿ ಎತ್ತಿದ್ಳು. ಓದಿದ್ಳು. ಮತ್ತೊಮ್ಮೆ ಓದಿದ್ಳು. "ಇದ್ಯಾವ ವಾಡೆದವ್ರ ಹೆಸರು? ನಿಮ್ಮ ಬಳಗೇನು?" ಅಂದ್ಳು.

"ಅಲ್ರಿ. ಶೂಟಿಂಗಿನ ಮನೀದು. ಅವರ ಕೊಟ್ಟದ್ರಿ" ಅಂದೆ.

ಹೆಣ್ಣಮಕ್ಕಳೆಲ್ಲಾ ಒಬ್ಬರ ಮಾರಿ ಒಬ್ಬರು ನೋಡಿದ್ರು. ನನ್ನ ಗಂಡ ಬಾಗಲದಾಗ ನಿಂತಿದ್ದ. ಪಾಪ, ನನ್ನ ಪರವಾಗಿ ಒಂದು ಮಾತು ಆಡಬೇಕಂತ ಮಾಡಿದ. "ಅವ್ವಾ, ಆಕಿ ಕದ್ದಿದ್ರ ಹೆಸರು ಅಳಿಸ್ತಿದ್ಳು" ಅಂದ.

ಅತ್ತಿ ಅಂದ್ಳು: "ಅಷ್ಟು ಶಾಣ್ಯಾಕಿ ಇದ್ರ ವಾರಕ್ಕೊಮ್ಮೆ ಯಾಕ ಸಿಕ್ಕೋತಿದ್ಳು?"

ಆವತ್ತ ಕಪಾಟದ ಕೀಲಿ ಅತ್ತಿ ಟೊಂಕಕ್ಕ ಏರಿತು. ಅತ್ತಿ ಕೆಟ್ಟಾಕಿ ಅಲ್ಲ ನೋಡ್ರಿ. ಜ್ವರ ಬಂದ್ರ ಹಾಸಿಗಿ ಬಾಜೂ ಬಿಟ್ಟು ಏಳಂಗಿಲ್ಲ, ಖಾರ ಜಾಸ್ತಿ ಆದ್ರೂ ಚಲೋ ಆಗ್ಯಾದ ಅಂತ ಉಣ್ತಾಳ. ಆದ್ರ ಸಂಶಯ ಮಾತ್ರ ಬಿಡಲಿಲ್ಲ. ನಾ ನನ್ನ ಟ್ರಂಕಿಗೆ ಕೀಲಿ ಹಾಕಿದ್ರ "ಏನೋ ಮುಚ್ಚಿಟ್ಟಾಳ" ಅಂತಿದ್ಳು. ಕೀಲಿ ತಗದು ಖುಲ್ಲಾ ಬಿಟ್ರ "ಎಷ್ಟು ಬೆರಕಿ ನೋಡು" ಅಂತಿದ್ಳು. ನನಗ ಬಂಗಾರ ಬ್ಯಾಡಾಗಿತ್ತು, ಕೀಲಿನೂ ಬ್ಯಾಡಾಗಿತ್ತು. ನಾಕು ಮಂದಿ ಮುಂದ ಒಂದ ಸಲ "ನನ್ನ ಸೊಸಿ ಕಳ್ಳಿ ಅಲ್ಲ" ಅಂದ್ರ ಸಾಕಾಗಿತ್ತು. ಅದಕ್ಕಾಗಿ ನಾ ವರ್ಷಾನುಗಟ್ಟಲೆ ಕಾಯ್ದೀನಿ, ಖರೇ ಹೇಳ್ತೇನಿ.

ಜೇವರ್ಗಿ ಬಸ್ಸು

ಈಗ ಮೊಬೈಲ್ ಬಂದು ಇನ್ನಷ್ಟು ಪಜೀತಿ ಆಗ್ಯಾದ. ಯಾರೋ ಪುಣ್ಯಾತ್ಮರು ಆ ಧಾರಾವಾಹಿ ತುಣುಕು ಹುಡುಕಿ ಹಾಕಿದ್ರು. ನನ್ನ ಗಂಡ ಹೆಮ್ಮಿಲೇ ಅದನ್ನ ನಾಕಾರು ಗ್ರೂಪಿಗೆ ಕಳಸಿ, "ಇವರು ನನ್ನ ಮನಿಯವ್ರು" ಅಂತ ನನ್ನ ಈಗಿನ ಫೋಟೋನೂ ಹಾಕಿದ. ಹೆಸರು ಮರತ ಮಂದಿಗೆ ಮಾರಿ ನೆನಪಾಯ್ತು.

ಒಂದು ದಿನ ಹೊಲಿಯೋ ಕುಬ್ಸಕ್ಕ ಲೈನಿಂಗ್ ತರಾಕ ಜೇವರ್ಗಿಗೆ ಹೊಂಟಿದ್ದೆ. ಬಸ್ಸಿನ್ಯಾಗ ಬಾಜೂ ಕುಂತ ಹೆಣ್ಣಮಗಳು ಒಮ್ಮಿಲೇ ಚೀಲ ತಡಕಾಡಿ "ನನ್ನ ಪರ್ಸ್ ಇಲ್ಲ" ಅಂದ್ಳು. ನನ್ನ ಮಾರಿ ನೋಡಿದ್ಳು. ಕಣ್ಣು ಸಣ್ಣ ಮಾಡಿದ್ಳು. "ನೀವು ಆ ಟಿವ್ಯಾಗ..." ಅಂದ್ಳು. ಹಿಂದಿನ ಸೀಟಿನವ್ರು ಎದ್ದು ನಿಂತ್ರು. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ.

ನಾ ಬಾಯಿ ಬಿಡಬಾರದಂತ ಭಾಳ ತಡಕೊಂಡೆ. ಆದ್ರ ಸುಮ್ನ ಕುಂತ್ರ ಕಳ್ಳಿ, ಮಾತಾಡಿದ್ರ ಡೈಲಾಗ್. ಕಡೀಕ ಬಾಯಿಗೆ ಬಂದೇಬಿಡ್ತು: "ನಾ ಅಲ್ರಿ." ಇಡೀ ಬಸ್ಸು ಒಂದ ಧ್ವನಿಲೇ "ನನಗ ಗೊತ್ತಿಲ್ರಿ" ಅಂತ ಪೂರ್ತಿ ಮಾಡ್ತು.

ಪರ್ಸ್ ಆಕಿದ ಚೀಲದಾಗ, ಟಿಫಿನ್ ಡಬ್ಬಿ ಕೆಳಗ ಸಿಕ್ತು. ಆಕಿ ಹಲ್ಲು ಕಿಸದು "ಸಿಟ್ಟಾಗಬ್ಯಾಡ್ರಿ ಅಕ್ಕೋರೆ, ಒಂದು ಸೆಲ್ಫಿ ಕೊಡ್ರಿ" ಅಂದ್ಳು. ಕೊಟ್ಟೆ. ಆ ಫೋಟೋ ನನ್ನ ಮೊಬೈಲ್‌ನಾಗೂ ಅದ. ಅದರಾಗ ಆಕಿ ನನ್ನ ಕಡೆ ವಾಲಿ ಭಾಳ ಪ್ರೀತಿಲೇ ನಗಾಕತ್ಯಾಳ. ಪರ್ಸ್ ಮಾತ್ರ ತನ್ನ ಕುಬ್ಸದೊಳಗ ತುರಕ್ಕೊಂಡಾಳ.

ಬೋರಮಾಳ

ಎಳ್ಳ ಅಮಾಸಿ ದಿನ ನಮ್ಮ ಕಡೆ ಊರಿಗೂರ ಹೊಲಕ್ಕ ಹೋಗ್ತದ. ಬುಟ್ಟಿ ತುಂಬಾ ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ, ಅಂಬಲಿ ಕಟ್ಕೊಂಡು ಭೂಮಿತಾಯಿಗೆ ಅದರಾಗಿನ ನಾಕು ತುತ್ತು ಚರಗ ಅಂತ ಚೆಲ್ಲಿ, ಉಂಡು ಬರೋದು. ಊರಾಗ ನಾಯಿ ಬಿಟ್ರ ಯಾರೂ ಇರಂಗಿಲ್ಲ. ಆಗ ಅತ್ತಿಗೆ ತನ್ನ ಬೋರಮಾಳದ ಚಿಂತಿ ಹತ್ತಿತು. ಆಕಿ ತವರಿನ ಬಂಗಾರ ಅಂದ್ರ ಅದೊಂದ ಸರ.

ಸಂಜೀಕ ಹೊಲದಿಂದ ಬಂದು ಬುಟ್ಟಿ ಇಳಸೋದರಾಗ ಒಳಗಿಂದ ಅತ್ತಿ ಧ್ವನಿ: "ಬೋರಮಾಳ ಇಲ್ಲ." ಕಪಾಟದಾಗ ಇಲ್ಲ, ಜ್ವಾಳದ ಚೀಲದಾಗ ಇಲ್ಲ, ದೇವರ ಜಗಲಿ ಹಿಂದ ಇಲ್ಲ. ಎಲ್ಲೋ ಇಟ್ಟಿದ್ದು ಅತ್ತಿಗೆ ನೆನಪದ, ಎಲ್ಲಿ ಅಂತ ನೆನಪಿಲ್ಲ. ಓಣಿ ಮಂದಿ ಬಂದ್ರು, ಮೊದಲ ನನ್ನ ಮಾರಿ ನೋಡಿದ್ರು. ಬಾಜೂ ಮನಿ ಅಕ್ಕ ಸಣ್ಣ ಧ್ವನಿಲೇ, ಆದ್ರ ಎಲ್ಲಾರಿಗೂ ಕೇಳೋಹಂಗ, "ಆ ಟ್ರಂಕ್ ಒಂದು ನೋಡಿದ್ರೆಂಗ?" ಅಂದ್ಳು.

ನನಗ ಎಲ್ಲಿತ್ತೋ ಸಿಟ್ಟು. "ನೋಡ್ರಿ" ಅಂತ ಟ್ರಂಕ್ ಎಳದು ತಂದು ಎಲ್ಲಾರ ನಡಬರಕ ಬೋರಲ ಹಾಕಿದೆ. ಶೀಲ್ಡ್ ಬಿತ್ತು, ತಂಬಿಗಿ ಬಿತ್ತು, ಫೋಟೋ ಬಿತ್ತು, ಲಂಗ ಬಿತ್ತು. ಲಂಗದ ಮಡಿಕ್ಯಾಗಿಂದ ಬೋರಮಾಳ ಬಿತ್ತು.

ಇಷ್ಟು ವರ್ಷ ಬರೇ ಸಂಶಯ ಇತ್ತು, ಈಗ ಸಾಮಾನು ಸಿಕ್ತು. ನನ್ನ ಗಂಡ ನೆಲ ನೋಡಾಕತ್ತಿದ್ದ. ಅದನ್ನ ನೋಡಿ ನನಗ ಅಳು ತಡಿಯಾಕ ಆಗಲಿಲ್ಲ.

ಅತ್ತಿ ಬೋರಮಾಳ ನೋಡಿದ್ಳು, ಲಂಗ ನೋಡಿದ್ಳು, ಹಣಿ ಹಣಿ ಬಡಕೊಂಡ್ಳು. "ಅಯ್ಯ ಶಿವನ, ನಾನ ಇಟ್ಟೀನಲ್ಲ ಮುಂಜಾನೆ. ಎಲ್ಲಿಟ್ರೂ ಈಕಿ ಹುಡುಕ್ತಾಳಂತ ಈಕಿ ಟ್ರಂಕ್‌ನಾಗ ಇಟ್ಟೆ. ತನ್ನ ಟ್ರಂಕಿಗೆ ತಾನ ಯಾರು ಕನ್ನ ಹಾಕ್ತಾರ ಅಂತ."

ನಾ ಉಸಿರು ಬಿಟ್ಟೆ. ಆದ್ರ ಮಂದಿ ನಂಬಬೇಕಲ್ಲ. ಬಾಜೂ ಮನಿ ಅಕ್ಕ ಅತ್ತಿ ಕೈ ಹಿಡಕೊಂಡು, "ನಿಮ್ಮಂಥ ಅತ್ತಿ ಎಲ್ಲಿ ಸಿಗಬೇಕ್ರಿ, ಸೊಸಿ ಮಾನ ಮುಚ್ಚಾಕ ತಪ್ಪು ಮ್ಯಾಲ ಹಾಕ್ಕೊಂಡ್ರಿ" ಅಂದ್ಳು.

"ಏ, ಮಾನ ಮುಚ್ಚಾಕ ಅಲ್ಲ ಬೇ, ಖರೇನ ನಾನ ಇಟ್ಟೀನಿ."

"ಹೌದ್ರಿ, ಹೌದ್ರಿ" ಅಂದ್ರು ಎಲ್ಲಾರೂ, ನಕ್ಕೋತ.

ಅತ್ತಿಗೆ ಬೆವರು ಬಂತು. ಕೊರಳಾಗಿನ ಲಿಂಗ ಹಿಡಕೊಂಡು ಆಣಿ ಮಾಡಾಕ ಹೋದ್ಳು. ಒಬ್ಬ ಹಿರ್ಯಾ ತಡದು, "ಬ್ಯಾಡವ್ವಾ ತಾಯಿ, ಸೊಸಿ ಸಲುವಾಗಿ ಲಿಂಗ ಮುಟ್ಟಿ ಸುಳ್ಳು ಹೇಳಬ್ಯಾಡ" ಅಂದ. ಮಂದಿ ಅತ್ತಿ ದೊಡ್ಡಗುಣ ಹೊಗಳ್ಕೋತ ಮನಿಗೆ ಹೋದ್ರು.

ಅತ್ತಿ ಅಡಿಗಿ ಮನಿಗೆ ಬಂದು ನನ್ನ ಬಾಜೂ ಕುಂತ್ಳು. ಸೆರಗಿಲೇ ಬೆವರು ಒರಸ್ಕೊಂಡು ಅಂದ್ಳು: "ಖರೇ ಹೇಳಿದ್ರೂ ಒಬ್ರೂ ನಂಬವಲ್ರಲ್ಲ ಬೇ. ಎದಿ ಉರಿಯಾಕತ್ಯಾದ ನನಗ. ನೀ ಹೆಂಗ ತಡಕೊಂಡಿ ಇಷ್ಟು ವರ್ಷ?"

"ಯಾರಿಗೆ ಹೇಳ್ಲಿರಿ ಅತ್ತಿ" ಅಂದೆ. ಅಷ್ಟ ಅಂದೆ, ಮತ್ತ ಅಳು ಬಂತು. ಅತ್ತಿನೂ ಅತ್ಳು. ಆಮ್ಯಾಲ ಕಣ್ಣು ಒರಸ್ಕೊಂಡು, ಬೋರಮಾಳ ತಂದು ನನ್ನ ಕೊರಳಾಗ ಹಾಕಿ, "ಹಾಕ್ಕೊಂಡಿರು, ತಗೀಬ್ಯಾಡ" ಅಂದ್ಳು.

ಮುಂದ ಜೇವರ್ಗ್ಯಾಗ ಬಳಗದವ್ರ ಮದಿವಿ ಇತ್ತು. ನಾ ಬೋರಮಾಳ ಹಾಕ್ಕೊಂಡು ಅತ್ತಿ ಬಾಜೂ ಊಟಕ್ಕ ಕುಂತಿದ್ದೆ. ಬಾಜೂ ಮನಿ ಅಕ್ಕ ಅದನ್ನ ನೋಡಿದಾಕಿನ ಎಲಿ ಬಿಟ್ಟು ಎದ್ದು ಬಂದ್ಳು. ಅತ್ತಿ ಕಿವ್ಯಾಗ, "ನಿಮ್ಮ ಬೋರಮಾಳ ನಿಮ್ಮ ಸೊಸಿ ಕೊರಳಾಗ ಅದರಿ. ನಿಮಗ ಗೊತ್ತದೇನು?" ಅಂದ್ಳು.

ಅತ್ತಿ ಬಾಯಾಗಿನ ತುತ್ತು ನುಂಗಿದ್ಳು. ಪಂಗ್ತಿ ತುಂಬಾ ಕೇಳೋಹಂಗ ಹೇಳಿದ್ಳು:

"ಗೊತ್ತದ ಬೇ. ಆಕಿಗೆ ಕದಿಯಾಕ ಬರಂಗಿಲ್ಲ, ಅದಕ್ಕ ನಾನ ಹಾಕೀನಿ."