ಸೂಜಿ ಚುಚ್ಚು, ಹಾಡ್ಬ್ಯಾಡ

ಒಂದೇ ಕಸುಬು ನಂಬಿಕೊಂಡವರ ಬದುಕು ನೆಟ್ಟಗೆ ನಡೆಯುತ್ತದೆ. ನನ್ನ ಹಾಗೆ ಹೊಟ್ಟೆಗೊಂದು, ಹುಚ್ಚಿಗೊಂದು ಅಂತ ಎರಡು ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

ಹೊಟ್ಟೆಗೆ ಡಯಾಲಿಸಿಸ್. ಊರು ಗುಂಡ್ಲುಪೇಟೆ, ಕೆಲಸ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ. ಕಿಡ್ನಿ ಕೈಕೊಟ್ಟವರ ತೋಳಿಗೆ ಸೂಜಿ ಹಾಕಿ, ರಕ್ತವನ್ನು ಮಿಷನ್ನಿಗೆ ಬಿಟ್ಟು, ತೊಳೆದು, ಮತ್ತೆ ಮೈಯೊಳಗೆ ಕಳಿಸುವ ಟೆಕ್ನಿಷಿಯನ್ ನಾನು. ಹುಚ್ಚಿಗೆ ಭಜನೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಕೂತು, ಮಣ್ಣಿಗೆ ಎತ್ತುವವರೆಗೂ ತತ್ವಪದ ಹಾಡುವುದುಂಟು. ಆ ಮೇಳದಲ್ಲಿ ಮುಂದೆ ಕೂತು ಪದ ಎತ್ತಿಕೊಡುವವನೂ ನಾನೇ. ಅಂದರೆ ಡ್ಯೂಟಿಯಲ್ಲಿ ಜನರನ್ನು ಉಳಿಸಿಕೊಳ್ಳುವುದು, ರಜೆಯಲ್ಲಿ ಕಳಿಸಿಕೊಡುವುದು.

“ಮುಂಬಾಗ್ಲಲ್ಲೂ ನೀವೇ, ಹಿತ್ಲ ಬಾಗ್ಲಲ್ಲೂ ನೀವೇ ನಿಂತ್ಕಂಡ್ರೆ ಜನ ಎಲ್ಲಿಗ್ ಓಗ್ಬೇಕು?” ಅನ್ನುತ್ತಾಳೆ ನನ್ನ ಹೆಂಡತಿ.

ಹಾಡು ಕಲಿಸಿದ್ದು ಉಡಿಗಾಲದ ಹಾರ್ಮೋನಿಯಂ ಮೇಷ್ಟ್ರು. ಊರೂರಿಗೆ ನಾಟಕ ಕಲಿಸಿ, ವಯಸ್ಸಾದ ಮೇಲೆ ನಮ್ಮ ಭಜನೆ ಮೇಳಕ್ಕೆ ಪೆಟ್ಟಿಗೆ ಬಾರಿಸುತ್ತಿದ್ದವರು. ನನಗಿರುವ ಒಂದು ರೋಗಕ್ಕೆ ಮಾತ್ರ ಅವರಿಗೂ ಮದ್ದು ಸಿಗಲಿಲ್ಲ. ಹಾಡುತ್ತಾ ಹಾಡುತ್ತಾ ನನ್ನ ಶ್ರುತಿ ತಾನಾಗಿ ಮೇಲೆ ಹೋಗುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲು ಸಾಲದೆ ಕಿರುಚುತ್ತೇನೆ. “ಮರ ಹತ್ತಿದ್ ಬೆಕ್ಕಿನಂಗೆ ಹತ್ತೋದ್ ಹತ್ಬುಡ್ತೀಯ, ಇಳಿಯಕ್ ಬರಲ್ಲ ಕಣ್ಲಾ ನಿಂಗೆ” ಅಂತ ಮೇಷ್ಟ್ರು ಹಾಡಿನ ಮಧ್ಯದಲ್ಲೇ, ಹೆಣದ ಮುಂದೆಯೇ ಬೈಯುತ್ತಿದ್ದರು.

ಗುರುತು ಹಿಡಿದ ಅಜ್ಜಿ

ಸಂತೆಮರಹಳ್ಳಿ ಕಡೆಯ ಒಬ್ಬರು ಅಜ್ಜಿ ಅದುವರೆಗೂ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಓಡಾಟ ಕಷ್ಟವಾಗಿ ನಮ್ಮ ವಾರ್ಡಿಗೆ ಬಂದರು. ನನ್ನ ಮುಖಕ್ಕೆ ಮಾಸ್ಕ್ ಇತ್ತು, ಗುರುತು ಸಿಗುವ ಹಾಗಿರಲಿಲ್ಲ. ಆದರೆ ನನಗೊಂದು ಅಭ್ಯಾಸ. ಸೂಜಿ ಹಾಕುವ ಮುಂಚೆ ತೋಳನ್ನು ತಾಳ ಹಾಕಿದ ಹಾಗೆ ಬೆರಳಲ್ಲಿ ತಟ್ಟುತ್ತೇನೆ, ಬಾಯಲ್ಲಿ ಪದ ತಾನಾಗಿ ಗುನುಗುತ್ತದೆ. ಅವತ್ತೂ ಗುನುಗಿತು. ಅಜ್ಜಿ ಸರಕ್ಕನೆ ಕೈ ಎಳೆದುಕೊಂಡರು.

“ಆ ಮಾಸ್ಕ್ ತಗಿ.”

ತೆಗೆದೆ.

“ಅಯ್ಯೋ ಶಿವನೆ! ನಮ್ ಬಾವನ ಹೆಣದ ಮುಂದೆ ಹಾಡ್ದೋನು ಇವ್ನೇ ಕಣ್ಲಾ!” ಅಂತ ಮಗನ ಕಡೆ ತಿರುಗಿದರು. “ನಾನಿನ್ನೂ ಉಸ್ರಾಡ್ತಾ ಇವ್ನಿ, ಇವುನ್ನ ಯಾಕ್ಲಾ ಇಷ್ಟ್ ಬೇಗ ಕರುಸ್ದೆ?”

ಮಗ, ಸಿಸ್ಟರು, ಕೊನೆಗೆ ಡಾಕ್ಟರೂ ಬಂದು ಸಮಾಧಾನ ಹೇಳಿದರು. ಬಹಳ ಹೊತ್ತಾದ ಮೇಲೆ ಅಜ್ಜಿ ಕೈ ಚಾಚಿದರು. ಕಣ್ಣು ಮಾತ್ರ ನನ್ನ ಬಾಯಿ ಮೇಲೆಯೇ ಇತ್ತು.

“ಸೂಜಿ ಎಷ್ಟಾರ ಚುಚ್ಚು ಕಣಪ್ಪ. ಹಾಡ್ಬ್ಯಾಡ.”

ಕಿತ್ತಳೆ ಹಣ್ಣು

ಗುಂಡ್ಲುಪೇಟೆಯಲ್ಲೇ ಇರುವ ನನ್ನ ಸೋದರತ್ತೆಗೆ ಜ್ವರ ಅಂತ ಕೇಳಿದೆ. ಭಾನುವಾರ ಕಿತ್ತಳೆ ಹಣ್ಣು ತಗೊಂಡು ನೋಡಲು ಹೋದೆ. ಭಜನೆಗೆ ಹೋಗುವ ಬಿಳಿ ಪಂಚೆಯನ್ನೇ ಉಟ್ಟಿದ್ದೆ, ಅದೇ ಒಗೆದು ಇದ್ದದ್ದು. ನಾನು ಬೀದಿಯ ತಿರುವಿನಲ್ಲಿ ಕಾಣಿಸಿದ್ದೇ ತಡ, ಎದುರು ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ನಾನು ಅತ್ತೆಯ ಮಂಚದ ಹತ್ತಿರ ಕೂತು ಹಣ್ಣು ಸುಲಿಯುವಷ್ಟರಲ್ಲಿ ಹೊರಗೆ ಜನ ಸೇರಿದ್ದರು. ಅಳುವ ಶಬ್ದ ಕೇಳಿ ಅತ್ತೆಯೇ ಎದ್ದರು.

“ಯಾರ್ ಓದ್ರು ಪಾಪ?” ಅಂತ ಅತ್ತೆ ಹೊಸಿಲಿಗೆ ಬಂದು ನಿಂತು ಕೇಳಿದರು.

ಯಾರೋ ಫೋನ್ ಮಾಡಿದ್ದರಿಂದ ಶಾಮಿಯಾನದವನು ಆಟೋದಲ್ಲಿ ಕುರ್ಚಿ ಬೇರೆ ತಂದಿದ್ದ. ಅವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಇಳಿಸಿದ್ದ ಕುರ್ಚಿಗಳನ್ನು ನೋಡಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

“ಅಣ್ಣ, ವಾಪಸ್ ತಕೊಂಡೋಗ್ಲಾ? ಇಲ್ಲ ಎಲ್ಡ್ ದಿನ ಬುಟ್ ನೋಡನಾ?”

ವಾರ್ಡಿನಲ್ಲಿ ಮದುವೆ

ಡಯಾಲಿಸಿಸ್‌ಗೆ ಮಲಗಿದವರು ನಾಲ್ಕು ಗಂಟೆ ಅಲ್ಲಾಡುವಂತಿಲ್ಲ. ಟಿವಿ ಎಷ್ಟು ಅಂತ ನೋಡುತ್ತಾರೆ? “ಏನಾರ ಹಾಡಿ” ಅಂತ ಅವರೇ ಕೇಳಲು ಶುರು ಮಾಡಿದರು. ಡಾಕ್ಟರೂ ಬೇಡ ಅನ್ನಲಿಲ್ಲ. ಆದರೆ ನನಗೆ ಬರುವುದೆಲ್ಲ ದೇಹ ಮಣ್ಣು, ಬಂಧು ಬಳಗ ಸುಳ್ಳು ಅನ್ನುವ ಪದಗಳೇ. ಅದನ್ನೇ ಹಾಡಿದೆ.

ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಇರುತ್ತಿದ್ದ. ಮದುವೆ ಗೊತ್ತಾಗಿ, ಕಾಯಿಲೆಯಿಂದ ಮುರಿದು ಹೋಗಿತ್ತು. ಪದ ಮುಗಿದ ಮೇಲೆ ಕೈ ಮುಗಿದು ಹೇಳಿದ:

“ಅಣ್ಣ, ನಾನು ವಾರಕ್ ಎಲ್ಡ್ ಸಲ ಬದುಕ್ಕಳನ ಅಂತ ಬತ್ತೀನಿ. ನೀನು ಎಲ್ಡ್ ಸಲಾನೂ ಮಣ್ ಮಾಡಿ ಕಳುಸ್ತೀಯ.”

ಎಲ್ಲರೂ ನಕ್ಕರು. ನನಗೆ ಚುರುಕ್ ಅಂದಿತು. ಅವತ್ತೇ ಹೆಂಡತಿಯ ಹತ್ತಿರ ಸೋಬಾನೆ ಪದ ಕಲಿಯಲು ಕೂತೆ. ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಪದಗಳನ್ನು ಮೀಸೆ ಹೊತ್ತ ನಾನು ವಾರ್ಡಿನಲ್ಲಿ ಹಾಡಿದೆ. ಹೆಣ್ಣು ರೋಗಿಗಳು ಸೊಲ್ಲು ಸೇರಿಸಿದರು. ಸೂಜಿ ಇಲ್ಲದ ಕೈಯನ್ನು ಮಂಚದ ಮೇಲೆ ತಟ್ಟಿದರು. ಸಂತೆಮರಹಳ್ಳಿ ಅಜ್ಜಿ ಕೂಡ ನಿಷೇಧ ತೆಗೆದರು.

ಆ ಯುವಕ ಮುಂದಿನ ಸುಗ್ಗಿ ನೋಡಲಿಲ್ಲ. ನಮ್ಮ ವಾರ್ಡಿನಲ್ಲಿ ಹಾಸಿಗೆ ಖಾಲಿಯಾದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅವನ ಮನೆಯಲ್ಲಿ ಹಾಡುವಾಗ ನನಗೆ ದುಃಖ ತಡೆಯಲಾಗಲಿಲ್ಲ. ಮಾರನೆಯ ದಿನ ವಾರ್ಡಿನಲ್ಲಿ ಯಾವ ಪದವೂ ಬೇಡ ಅಂತ ಸುಮ್ಮನಿದ್ದೆ. ಅಜ್ಜಿಯೇ ಕೂಗಿದರು:

“ಏನ್ಲಾ, ಮಾತೇ ಇಲ್ಲ? ಗಂಡು ಓದ್ರೇನಾಯ್ತು, ಹೆಣ್ಗೋಳು ಇನ್ನೂ ಇವ್ವಿ. ಸುರು ಮಾಡು.”

ಮೇಷ್ಟ್ರ ತೋಳು

ಒಂದು ದಿನ ಗಾಲಿ ಕುರ್ಚಿಯಲ್ಲಿ ನನ್ನ ಮೇಷ್ಟ್ರೇ ಬಂದರು. ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದು ಹಾಕಿತ್ತು.

“ಏನ್ಲಾ ಬಾಯ್ ಬುಟ್ಕಂಡ್ ನೋಡ್ತಿದ್ದೀಯೆ? ಗಿರಾಕಿ ಬಂದವ್ನೆ, ಹಾಸ್ಗೆ ತೋರ್ಸು” ಅಂದರು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಫಿಸ್ಟುಲಾ ಅನ್ನುತ್ತೇವೆ. ರಕ್ತ ಜೋರಾಗಿ ಹರಿಯುವುದರಿಂದ ಅಲ್ಲಿ ಕಿವಿಯಿಟ್ಟರೆ ಗುಂಯ್ ಅನ್ನುತ್ತದೆ. ಆ ಶಬ್ದ ಇರುವವರೆಗೆ ದಾರಿ ಇದೆ, ನಿಂತರೆ ದಾರಿ ಮುಚ್ಚಿತು. ಮೇಷ್ಟ್ರಿಗೆ ಎಡಗೈಗೆ ಮಾಡಿದ್ದರು. ನಾಳ ಬಲಿಯಲಿ ಅಂತ ಆ ಕೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ ಇರಬೇಕು ಅಂತ ಡಾಕ್ಟರು ಹೇಳಿದರು. ಮೇಷ್ಟ್ರು ಚೆಂಡನ್ನು ಮೊಮ್ಮಗಳಿಗೆ ಕೊಟ್ಟು, ಅದೇ ಕೈಯಲ್ಲಿ ಹಾರ್ಮೋನಿಯಂ ತಿದಿ ಒತ್ತುತ್ತಾ ಕೂತರು. ಕೈ ಚೆನ್ನಾಗಿಯೇ ಬಲಿಯಿತು.

ಮೇಷ್ಟ್ರ ಹೆಂಡತಿ ಮಾತ್ರ ತಲೆ ಚಚ್ಚಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಅವ್ವ ಅನ್ನುತ್ತೇವೆ. “ಮನೇಲ್ ಈ ಪೆಟ್ಗೆ ಕುಂಯ್ ಕುಂಯ್ ಕೇಳಿ ಕೇಳಿ ಕಿವಿ ತೂತಾಗದೆ. ಇವ್ರು ಓದಾಗ ಇದ್ನೂ ಜೊತ್ಗೇ ಗುಂಡೀಗ್ ಹಾಕ್ಬುಡಿ” ಅನ್ನುವುದು ಅವರ ನಿತ್ಯದ ಮಾತು.

ವಾರ್ಡಿಗೆ ಬಂದಾಗಲೆಲ್ಲ ನಾನು ಮೇಷ್ಟ್ರ ತೋಳಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಆ ಗುಂಯ್ ಶಬ್ದ ತಂಬೂರಿಯ ಹಾಗೆ ತುಂಬಿಕೊಂಡು ಇರುತ್ತಿತ್ತು. ಒಂದು ದಿನ ಯಾಕೋ ಸಣ್ಣಗೆ, ಎತ್ತರದಲ್ಲಿ ಕೇಳಿತು.

“ಮೇಷ್ಟ್ರೇ, ನಿಮ್ಮ ಶ್ರುತಿ ಏರಿದೆ” ಅಂದೆ.

“ಯಾರ್ಗ್ ಹೇಳ್ತಿದ್ದೀಯ್ಲಾ? ನನ್ ಶ್ರುತಿ ಹುಟ್ದಾಗ್ನಿಂದ ಏರಿಲ್ಲ. ನಿನ್ ಕಿವಿ ತೊಳ್ಕಂಡ್ ಬಾ.”

ಡಾಕ್ಟರಿಗೆ ಹೇಳಿದೆ. ಅವರೂ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನಾಳ ಕಿರಿದಾಗಿರಬೇಕು ಅಂತ ಆಗಲೇ ಮೈಸೂರಿಗೆ ಕಳಿಸಿದರು. ಅಲ್ಲಿ ನಾಳವನ್ನು ಹಿಗ್ಗಿಸಿ ಕೊಟ್ಟರು. ವಾಪಸ್ ಬಂದ ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಚಾವಣಿ ನೋಡಿಕೊಂಡು ಹೇಳಿದರು:

“ಈ ಕೈ ನಿನ್ ಸಾವಾಸದಲ್ಲಿ ಕೆಡ್ತು ಕಣ್ಲಾ. ಅದೂ ಶ್ರುತಿ ಏರ್ಸದ್ನ ಕಲ್ತದೆ.”

ಮುಂಗಡ ಭಜನೆ

ತೋಳು ಸರಿಯಾಯಿತು, ಹೃದಯ ಸೋಲುತ್ತಾ ಬಂತು. ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಅವರೇ ಮಾತು ತೆಗೆದರು.

“ನಾನು ಸತ್ತಾಗ ನೀನೇ ತಾನೆ ಪದ ಎತ್ಕೊಡೋದು?”

“ಬಿಡಿ ಮೇಷ್ಟ್ರೇ.”

“ಏನ್ ಬುಡೋದು? ಊರ್ ಹೆಣಕ್ಕೆಲ್ಲ ಸರ್ಯಾಗ್ ಬಾರ್ಸಿವ್ನಿ. ನನ್ ಮುಂದೆ ಅಪಸ್ವರ ಹಾಡಿ ಕಳುಸ್ಬುಡ್ತೀಯಲ್ಲ ಅಂತಾನೆ ನಂಗ್ ಭಯ. ಸಾಯೋದಕ್ಕಲ್ಲ. ಸತ್ಮೇಲೆ ಎದ್ ಬಂದು ತಿದ್ದಕ್ಕಾಯ್ತದಾ? ಈಗ್ಲೇ ಹಾಡು, ಕೇಳ್ತೀನಿ.”

ನಾನು ಆಗಲ್ಲ ಅಂದೆ. ಅವರು ಬಿಡಲಿಲ್ಲ. ಹೆಣ ಎತ್ತುವ ಮುಂಚೆ ಹಾಡುವ ಕೊನೆಯ ಪದವನ್ನು, ಉಸಿರಾಡುತ್ತಿದ್ದ ಮೇಷ್ಟ್ರ ಪಕ್ಕದಲ್ಲಿ ನಿಂತು ಎತ್ತಿದೆ. ಆ ಪದ ಯಾವಾಗ ಹಾಡುತ್ತಾರೆ ಅಂತ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹೊರಗೆ ಬೆಂಚಿನ ಮೇಲಿದ್ದ ರೋಗಿಗಳ ಕಡೆಯವರು ಬಾಗಿಲು ತಳ್ಳಿಕೊಂಡು ನುಗ್ಗಿದರು. ಯಾರು ಹೋದರು ಅಂತ ನೋಡುವ ಮೊದಲೇ ಅಳು ಎದ್ದಿತು. ಒಬ್ಬಾಕೆ ಗಂಡನ ಕಾಲ ಮೇಲೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದರೆ, ಅವನು ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ, “ಯಾಕಮ್ಮಿ ಹಂಗ್ ಬಡ್ಕತೀಯೆ? ನಾನ್ ಇಲ್ಲೇ ಇವ್ನಿ” ಅನ್ನುತ್ತಿದ್ದ.

ಮೇಷ್ಟ್ರು ಒಂದು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಅವುನ್ ಹಾಡೂ ಶ್ರುತಿಗ್ ಸೇರ್ಲಿಲ್ಲ, ನಿಮ್ ಅಳೂ ಸೇರ್ಲಿಲ್ಲ. ಓಗಿ, ಇನ್ನೊಂದ್ ದಪ ಬನ್ನಿ.”

ಪೆಟ್ಟಿಗೆ

ಮೇಷ್ಟ್ರು ಉಡಿಗಾಲದ ತಮ್ಮ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು, ಹಾಗೇ ಗೋಡೆಗೆ ಒರಗಿ ಹೋದರು. ಸುದ್ದಿ ಬಂದಾಗ ನಾನು ಬಸ್ಸಿನಲ್ಲಿದ್ದೆ. ಪಕ್ಕದವರು ಏನಾಯ್ತು ಅಂತ ಕೇಳುವಷ್ಟು ಅತ್ತುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಲೆ ಅವರನ್ನು ಹೂವಿನ ಹಾರ ಹಾಕಿ ಕೂರಿಸಿದ್ದರು. ಮುಂದೆ ಅವರ ಹಾರ್ಮೋನಿಯಂ ಇಟ್ಟಿದ್ದರು, ಬಾರಿಸುವವರು ಇರಲಿಲ್ಲ. ನಾವು ಬರೀ ತಾಳದಲ್ಲಿ ಹಾಡಿದೆವು. ಬೇರೆ ಪದಗಳು ಹೇಗೋ ನಡೆದವು. ಎತ್ತುವ ಹೊತ್ತಾಯಿತು ಅಂತ ಹಿರಿಯರು ಸನ್ನೆ ಮಾಡಿದರು. ಕೊನೆಯ ಪದ ಎತ್ತಿದೆ. ಇವತ್ತೊಂದು ದಿನ ಏರಬಾರದು, ಇವತ್ತೊಂದು ದಿನ ಏರಬಾರದು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಏರಿತು. ಕೊನೆಯ ಸಾಲಿನಲ್ಲಿ ಗಂಟಲು ಒಡೆದು ನಿಂತೇ ಹೋಯಿತು.

ತಾಳದವರೂ ನಿಲ್ಲಿಸಿದರು. ಇಡೀ ಮೇಳ, ಇಷ್ಟು ವರ್ಷದ ಅಭ್ಯಾಸದಿಂದ, ಬೈಗುಳ ಕೇಳಲು ಮೇಷ್ಟ್ರ ಕಡೆ ತಿರುಗಿತು. ಮೇಷ್ಟ್ರು ಏನೂ ಅನ್ನಲಿಲ್ಲ. ಅವರು ಹೋದರು ಅನ್ನುವುದು ನನಗೆ ನಿಜವಾಗಿ ಗೊತ್ತಾಗಿದ್ದು ಆಗ.

ಹೆಂಗಸರ ಮಧ್ಯದಿಂದ ಅವ್ವ ಎದ್ದು ಬಂದರು. ಪೆಟ್ಟಿಗೆಯ ಮುಂದೆ ಕೂತರು. ಎಡಗೈಯಲ್ಲಿ ತಿದಿ ಎಳೆದು, ಬಲಗೈಯ ಒಂದು ಬೆರಳಿನಿಂದ ಒಂದು ಸ್ವರದ ಕರಿ ಮನೆ ಒತ್ತಿದರು. ಮೇಷ್ಟ್ರು ನನಗೆ ಯಾವತ್ತೂ ಕೊಡುತ್ತಿದ್ದ ಶ್ರುತಿ ಅದೇ.

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅವ್ವ ಪೆಟ್ಟಿಗೆ ಮುಟ್ಟಿದ್ದನ್ನು ಆ ಊರಿನಲ್ಲಿ ಒಬ್ಬರೂ ಕಂಡವರಿರಲಿಲ್ಲ.

“ಏನ್ ನೋಡ್ತೀರಿ? ಬೈಕಂಡ್ ಕೇಳುದ್ರೂ ಕಿವಿಗ್ ಓಯ್ತದೆ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಏರಿಸ್ಬುಟ್ಟೆ ಕಣ್ಲಾ ಮಗ. ಇಳುಸ್ಕಂಡು ಮೊದ್ಲಿಂದ ಹಾಡು. ಅವ್ರು ಕಾಯ್ಕಂಡವ್ರೆ.”

ಸಾವಿನ ಮನೆ ನಕ್ಕುಬಿಟ್ಟಿತು. ಅಳುತ್ತಿದ್ದವರೂ ನಕ್ಕರು, ನಾನೂ ನಕ್ಕೆ. ಕಣ್ಣು ಒರೆಸಿಕೊಂಡು ಮೊದಲಿಂದ ಎತ್ತಿದೆ. ಅವ್ವನ ಬೆರಳು ಆ ಕರಿ ಮನೆ ಬಿಟ್ಟು ಕದಲಲಿಲ್ಲ, ನಾನೂ ಆ ಶ್ರುತಿ ಬಿಟ್ಟು ಕದಲಲಿಲ್ಲ. ಪದ ಮುಗಿಯಿತು. ಅವ್ವ ತಿದಿಯನ್ನು ಮೆಲ್ಲಗೆ ಮುಚ್ಚಿ, ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

“ಬೈಲಿಲ್ಲ” ಅಂದರು. “ಸರ್ಯಾಗಿತ್ತು. ಎತ್ಕಳಿ.”