ಮೊಮ್ಮಗನೆಂದು ಸಹಿ ಹಾಕಿದ ಫೋಟೊಗ್ರಾಫರ್

ಬಿಯೆನ್‌ನ ಫಜೀತಿಗೆಲ್ಲ ಮೂಲ ನ್ಯಾನ್ ಅಜ್ಜಿಯ ಗಂಡನ ಫೋಟೊ. ಆತ ತೀರಿಕೊಂಡಾಗ ಮನೆಯಲ್ಲಿ ಬೇರೆ ಫೋಟೊ ಸಿಗದೆ, ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿ ಹಿರಿಯರ ಪೂಜಾಪೀಠದ ಮೇಲೆ ಇಟ್ಟಿದ್ದರು. "ಮೂವತ್ತು ವರ್ಷದಿಂದ ಪೊಲೀಸ್ ಠಾಣೇಲಿ ಕೂತ ಹಾಗೆ ಕೂತಿದಾರೆ, ಪಾಪ," ಎಂದು ಅಜ್ಜಿ ದಿನವೂ ಊದುಬತ್ತಿ ಹಚ್ಚುವಾಗ ಹೇಳುತ್ತಿದ್ದರು. ತಮ್ಮ ಗತಿ ಹಾಗಾಗಬಾರದು. ತಾವು ಹೋದ ಮೇಲೆ ಪೀಠ ಏರುವ ಫೋಟೊವನ್ನು ಈಗಲೇ, ತಾವರೆಗಳ ನಡುವೆ, ನಗುನಗುತ್ತ ತೆಗೆಸಿಕೊಳ್ಳಬೇಕು. ಎಂಬತ್ತೆರಡರ ಹಟ. ಅದರ ಮುಂದೆ ಯಾರ ಆಟವೂ ನಡೆಯುವುದಿಲ್ಲ.

ಮೊಮ್ಮಗಳು ಥೋವಾ ಈ ಕೆಲಸಕ್ಕೆ ಬಿಯೆನ್‌ನನ್ನು ಗೊತ್ತು ಮಾಡಿದಳು. ಮದುವೆ ಜೋಡಿಗಳ ಫೋಟೊ ತೆಗೆಯುವುದು ಅವನ ಕಸುಬು. ಕೈಯಲ್ಲಿ ಕಲೆಯಿತ್ತು, ಬಾಯಲ್ಲಿ ಮಾತಿರಲಿಲ್ಲ. ಎರಡು ವರ್ಷದಿಂದ ಅವನೂ ಥೋವಾಳೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರೂ ಅಜ್ಜಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

"ಇವತ್ತು ಫೋಟೊ ಮುಗಿದ ಕೂಡಲೇ ಕೇಳಿಬಿಡು," ಎಂದು ಥೋವಾ ಸ್ಕೂಟರಿನಿಂದ ಇಳಿಯುತ್ತಲೇ ಪಿಸುಗುಟ್ಟಿದಳು. "ಅಜ್ಜಿ ಗಂಡು ಹುಡುಕೋಕೆ ಶುರು ಮಾಡಿದಾರೆ. ಇನ್ನೂ ತಡ ಮಾಡಿದ್ರೆ ನಾನು ಜವಾಬ್ದಾರಿ ಅಲ್ಲ."

"ಕೇಳ್ತೀನಿ," ಎಂದ ಬಿಯೆನ್, ಎರಡು ವರ್ಷದಿಂದ ಹೇಳುತ್ತಿದ್ದ ಹಾಗೆಯೇ.

ಹನೋಯ್‌ನ ಉದ್ಯಾನವೊಂದರ ಕೆರೆಯಲ್ಲಿ ಅದು ತಾವರೆಯ ಕೊನೆಯ ವಾರ. ಒಂದೆರಡು ದಿನ ಕಳೆದರೆ ಬರೀ ಕಾಯಿ. ಬೆಳಗ್ಗೆ ಆರು ಗಂಟೆಗೇ ಅಜ್ಜಿ ನೇರಳೆ ಮಖಮಲ್ಲಿನ ಉದ್ದ ಅಂಗಿ ತೊಟ್ಟು, ಮುತ್ತಿನ ಸರ ಹಾಕಿಕೊಂಡು ದಡದ ಕಲ್ಲಿನ ಮೇಲೆ ಕೂತರು. ಬಿಯೆನ್ ಕ್ಯಾಮೆರಾ ತೆಗೆದದ್ದೇ ತಡ, ಹಿಂದಿನಿಂದ ಯಾರೋ ಕೆಮ್ಮಿದರು.

ಉದ್ಯಾನದ ಕಾವಲುಗಾರ ಖೋವಾತ್. ಹಿಂದೆ ಫಿರಂಗಿ ದಳದಲ್ಲಿದ್ದವರು. ಕೆರೆ ಸುತ್ತ ಫೋಟೊ ತೆಗೆಯುವವರಿಗೆಲ್ಲ ಅವರ ಹೆಸರು ಗೊತ್ತಿತ್ತು. ಸಿಗರೇಟಿಗೂ ಬಗ್ಗಿದವರಲ್ಲ, ಕಣ್ಣೀರಿಗೂ ಕರಗಿದವರಲ್ಲ. ತಮ್ಮ ಸ್ವಂತ ಮಗಳ ಮದುವೆ ಫೋಟೊ ತೆಗೆಯಲು ಬಂದವನನ್ನೂ ಅನುಮತಿ ಪತ್ರ ಇಲ್ಲವೆಂದು ಹಿಂದಕ್ಕೆ ಕಳಿಸಿದ ಮನುಷ್ಯ. ಬೈದುಕೊಳ್ಳುವವರೂ ಒಳಗೊಳಗೇ ಅವರನ್ನು ಮೆಚ್ಚುತ್ತಿದ್ದರು.

ಅವರು ದಡದಲ್ಲಿದ್ದ ಫಲಕ ತೋರಿಸಿದರು. ಕುಟುಂಬದವರು ತಮ್ಮವರ ಫೋಟೊ ತೆಗೆಯಬಹುದು. ಕಸುಬಿನವರಾದರೆ ಮೂರು ದಿನ ಮುಂಚೆ ಲಿಖಿತ ಅನುಮತಿ ಪಡೆಯತಕ್ಕದ್ದು.

"ಅನುಮತಿ ಇದೆಯಾ?"

ಇರಲಿಲ್ಲ. ಬಿಯೆನ್ ಅಜ್ಜಿಯ ಮುಖ ನೋಡಿದ, ತಾವರೆ ನೋಡಿದ. "ನಾನು ಮನೆಯವನೇ, ದೊಡ್ಡಪ್ಪ. ಅಜ್ಜಿಯ ಮೊಮ್ಮಗ."

"ಹೌದೇನಮ್ಮ?" ಎಂದು ಖೋವಾತ್ ಅಜ್ಜಿಯನ್ನು ಕೇಳಿದರು.

"ಈ ವಯಸ್ಸಲ್ಲಿ ಯಾರು ಮೊಮ್ಮಗ, ಯಾರು ಅಲ್ಲ ಅಂತ ಎಣಿಸ್ತಾ ಕೂರೋದಾ?" ಎಂದರು ಅಜ್ಜಿ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಫೋಟೊ ಕೈತಪ್ಪಿದ ಹಾಗೂ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿದ್ದ ಹೆಂಗಸರ ಗುಂಪು ವ್ಯಾಯಾಮ ಬಿಟ್ಟು ಇತ್ತ ಬಂತು. ಅವರ ಮುಂದಾಳು, ಕೆಂಪು ಟೋಪಿಯಾಕೆ, ಬಿಯೆನ್‌ನನ್ನೂ ಥೋವಾಳನ್ನೂ ಸಂತೆಯ ಹಂದಿಮರಿಗಳನ್ನು ನೋಡುವಂತೆ ನೋಡಿದಳು. "ಒಡಹುಟ್ಟಿದವರೇ. ಕಿವಿ ನೋಡಿ, ಒಂದೇ ಅಚ್ಚು."

"ಈ ಹುಡುಗಿಯ ಅಣ್ಣನಾ?" ಖೋವಾತ್ ದಪ್ಪ ಪುಸ್ತಕ ಬಿಚ್ಚಿದರು. "ಹಾಗಾದ್ರೆ ಬರೆದು ಸಹಿ ಹಾಕು."

ಥೋವಾ ಕಣ್ಣರಳಿಸಿ ನೋಡುತ್ತಿದ್ದಳು. ಬಿಯೆನ್ ಬೆವರುತ್ತ ಬರೆದ: ನ್ಯಾನ್ ಅವರ ಮೊಮ್ಮಗ, ಥೋವಾಳ ಅಣ್ಣ. ಕೆಂಪು ಟೋಪಿಯಾಕೆ ಯಾರೂ ಕೇಳದೆ ಸಾಕ್ಷಿ ಹಾಕಿದಳು.

ಸಹಿಯ ಜೊತೆಗೆ ಜವಾಬ್ದಾರಿಯೂ ಬಂತು. ಮುಖಕ್ಕೆ ಬೆಳಕು ಹಾಯಿಸುವ ಮಡಚು ಬಟ್ಟೆಯ ಬಿಳಿ ತಟ್ಟೆಯನ್ನು ಬಿಯೆನ್ ಬಿಚ್ಚಿದಾಗ ಖೋವಾತ್ ಹುಬ್ಬು ಗಂಟಿಕ್ಕಿದರು. "ಇದೇನು?"

"ಅಜ್ಜಿಗೆ ಬಿಸಿಲು ತಾಗಬಾರದು ಅಂತ."

"ಬಿಸಿಲು ಸೀದಾ ಮುಖಕ್ಕೇ ಬೀಳ್ತಿದೆಯಲ್ಲ."

"ಅಜ್ಜಿಗೆ ಸ್ವಲ್ಪ ಚಳಿ," ಎಂದ ಬಿಯೆನ್. ಬೆಳಗ್ಗೆಯೇ ಬೆನ್ನು ಸುಡುವ ಸೆಕೆ. ಹೆಂಗಸರು ಅಯ್ಯೋ ಪಾಪ ಎಂದು ತಮ್ಮ ಶಾಲು ತಂದು ಅಜ್ಜಿಗೆ ಹೊದಿಸಿದರು. ಅವನ್ನು ಒಂದೊಂದಾಗಿ ಬಿಡಿಸುವಷ್ಟರಲ್ಲಿ ಅಜ್ಜಿಯ ಚಪ್ಪಲಿ ಜಾರಿ ಕೆರೆಗೆ ಬಿತ್ತು.

"ಮೊಮ್ಮಗ ಇದಾನಲ್ಲ, ಇಳೀಲಿ," ಎಂದಳು ಕೆಂಪು ಟೋಪಿಯಾಕೆ. "ಅಜ್ಜಿ ಚಪ್ಪಲಿ ತೇಲ್ಕೊಂಡು ಹೋಗ್ತಿದೆ, ಇವನು ಪ್ಯಾಂಟು ನೋಡ್ಕೋತಾನೆ. ಈಗಿನ ಹುಡುಗರೇ ಹೀಗೆ."

ಬಿಯೆನ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಇಳಿದ. ಮೊಣಕಾಲಿನ ತನಕ ಕೆಸರು. ಎರಡು ಹೆಜ್ಜೆಗೆ ಅವನ ಸ್ವಂತ ಚಪ್ಪಲಿಗಳೂ ಒಳಗೇ ಉಳಿದವು. ಅಜ್ಜಿಯದನ್ನು ಕೋಲಿನಿಂದ ಎಳೆದು ದಡಕ್ಕೆ ಎಸೆದರೆ ಅದು ಹೋಗಿ ಕೆಂಪು ಟೋಪಿಗೆ ಬಡಿಯಿತು. ಅಜ್ಜಿ ನಕ್ಕರು. ಮೂವತ್ತು ವರ್ಷದಿಂದ ಕೂಡಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೆ ನಕ್ಕರು.

ಬಿಯೆನ್ ಪೆದ್ದನಿರಬಹುದು, ಕೆಲಸಗಾರ ನಿಜ. ಕೆಸರಿನಲ್ಲಿ ನಿಂತೇ ಕ್ಯಾಮೆರಾ ಎತ್ತಿದ. ದಡದಲ್ಲಿ ಬಿಳಿ ತಟ್ಟೆಯನ್ನು ಬೇಕಾದಷ್ಟು ಎತ್ತರಕ್ಕೆ ಹಿಡಿಯಲು ಥೋವಾಳ ಕೈ ಎಟುಕದಿದ್ದಾಗ ಖೋವಾತ್ ತಾವೇ ಅದನ್ನು ತೆಗೆದುಕೊಂಡು, ಫಿರಂಗಿಗೆ ಗುರಿ ಕಟ್ಟಿದವರ ಕರಾರುವಾಕ್ಕಿನಿಂದ ಬೆಳಕನ್ನು ಅಜ್ಜಿಯ ಕೆನ್ನೆಗೆ ತಂದು ನಿಲ್ಲಿಸಿದರು. ಬಿಯೆನ್ ಫೋಟೊ ತೆಗೆದು ದಡ ಹತ್ತಿದ ಮೇಲೆ ಎಲ್ಲರೂ ಮುತ್ತಿಕೊಂಡು ಕ್ಯಾಮೆರಾದೊಳಗೆ ಇಣುಕಿದರು. ತಾವರೆಗಳೆಲ್ಲ ಬಾಡಿದ ಮೇಲೂ ಬಾಡದ ಮುಖ ಅದು.

"ಎಂಥಾ ಕೈ," ಎಂದರು ಖೋವಾತ್ ಮೆಲ್ಲಗೆ. "ನನ್ನ ಹೆಂಡತಿದೂ ಇಂಥದ್ದೊಂದು ಇರಬೇಕಿತ್ತು."

ಅಜ್ಜಿಯ ಮನಸ್ಸು ತುಂಬಿತ್ತು. ಈಗ ಕೇಳು ಎಂದು ಥೋವಾ ಕಣ್ಸನ್ನೆ ಮಾಡಿದಳು. ಬಿಯೆನ್ ಗಂಟಲು ಸರಿಮಾಡಿಕೊಂಡ. ಆದರೆ ಖೋವಾತ್ ಅವನ ಭುಜದ ಮೇಲೆ ಕೈಯಿಟ್ಟಿದ್ದರು.

"ಒಂದು ಮಾತು, ಮಗ. ಹುಡುಗಿಗೆ ತಂದೆ ಇಲ್ಲ ಅಂತ ಅಜ್ಜಿ ಹೇಳಿದ್ರು. ಅಂದ್ಮೇಲೆ ಅಣ್ಣನನ್ನೇ ಕೇಳಬೇಕು. ನನ್ನ ತಮ್ಮನ ಮಗ ಶಾಲೆ ಮೇಷ್ಟ್ರು. ಒಳ್ಳೆ ಹುಡುಗ. ನಿನ್ನ ತಂಗಿಯನ್ನ ಕೊಡ್ತೀಯಾ?"

ಹೆಂಗಸರ ಬೀಸಣಿಗೆಗಳು ನಿಂತುಹೋದವು. ಬಿಯೆನ್‌ನ ಎದುರಿಗೆ ಎರಡೇ ದಾರಿ. ಸುಮ್ಮನಿದ್ದರೆ ಫೋಟೊ ಉಳಿಯುತ್ತದೆ, ಥೋವಾ ಹೋಗುತ್ತಾಳೆ; ನಿಜ ಹೇಳಿದರೆ ಫೋಟೊ ಹೋಗುತ್ತದೆ.

"ನಾನು ಅವಳ ಅಣ್ಣ ಅಲ್ಲ, ದೊಡ್ಡಪ್ಪ. ಸುಳ್ಳು ಹೇಳಿದೆ."

"ಮತ್ತೆ ಯಾರು ನೀನು?"

ಎರಡು ವರ್ಷದಿಂದ ಸಿಗದ ಅವಕಾಶ ತಾನಾಗಿ ಬಂದು ಎದುರಿಗೆ ನಿಂತಿತ್ತು. ಬಿಯೆನ್ ಬಾಯಿ ತೆರೆದ.

"ಫೋಟೊಗ್ರಾಫರ್," ಎಂದ.

ಅಜ್ಜಿ ಅವನನ್ನೇ ದಿಟ್ಟಿಸಿದರು. "ಅಷ್ಟೇನಾ?"

"ಅಷ್ಟೇ, ಅಜ್ಜಿ."

ಖೋವಾತ್ ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಿದರು. "ನಿಜ ಹೇಳಿದೆ, ಅದೇ ದೊಡ್ಡದು. ಆದರೆ ಕಸುಬಿನವನಿಗೆ ಅನುಮತಿ ಬೇಕು. ಅಳಿಸಿಬಿಡು." ಹಾಗೆಂದು ಬೆನ್ನು ತಿರುಗಿಸಿ ನಿಂತರು. ಅಳಿಸದೆ ಇಟ್ಟುಕೊಂಡಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಆ ನೆಟ್ಟಗಿನ ಬೆನ್ನು ನೋಡಿದ ಮೇಲೆ ಬಿಯೆನ್‌ಗೆ ಮೋಸ ಮಾಡಲು ಕೈ ಬರಲಿಲ್ಲ. ತನ್ನ ಜೀವಮಾನದ ಅತ್ಯುತ್ತಮ ಫೋಟೊವನ್ನು ಅವನೇ ಅಳಿಸಿದ.

ಅಜ್ಜಿ ಒದ್ದೆ ಚಪ್ಪಲಿ ಮೆಟ್ಟಿಕೊಂಡು ಎದ್ದರು. "ಸರಿ, ಮುಂದಿನ ವರ್ಷ ತಾವರೆ ಬರೋ ತನಕ ನಾನು ಸಾಯೋದಿಲ್ಲ. ಖೋವಾತ್, ನಿನ್ನಂಥ ನೇರ ಮನುಷ್ಯರನ್ನ ನೋಡಿ ಎಷ್ಟು ಕಾಲ ಆಯ್ತಪ್ಪ. ಭಾನುವಾರ ನಿನ್ನ ತಮ್ಮನ ಮಗನನ್ನ ಚಹಾಕ್ಕೆ ಕಳಿಸು." ಆಮೇಲೆ ಬಿಯೆನ್ ಕಡೆ ತಿರುಗಿದರು. "ನೀನೂ ಬಾ. ಹುಡುಗ ಹುಡುಗಿ ಒಟ್ಟಿಗೆ ಕೂತಿರೋದೊಂದು ಫೋಟೊ ತೆಗೆದುಕೊಡು. ಕೈ ಚೆನ್ನಾಗಿದೆ ನಿಂದು. ಮನೆಯೊಳಗೆ ಅನುಮತಿ ಬೇಡ ತಾನೆ?"

"ಬೇಡಮ್ಮ," ಎಂದರು ಖೋವಾತ್ ಗಂಭೀರವಾಗಿ. "ಮನೆಯೊಳಗೆ ಎಷ್ಟು ಬೇಕಾದರೂ ತೆಗೀಬಹುದು."

ಬಿಯೆನ್ ಥೋವಾಳ ಮುಖ ನೋಡಿದ. ಅವಳು ಬಿಳಿ ತಟ್ಟೆಯನ್ನು ಮಡಿಸಿ ಅವನ ಕೆಸರುಗೈಗೆ ತುರುಕಿದಳು.

"ಬರ್ತಾನೆ, ಅಜ್ಜಿ," ಎಂದಳು. "ನಮ್ಮಣ್ಣ ಬರದೆ ಇರ್ತಾನಾ?"